ದೂರು ಪತ್ರ: ಹೊರೆಗೆಂದೇ ಕೊಟ್ಟ ರಿಮ್ ಹೊರೆಗೇ ಬಿರುಕು ಬಿಟ್ಟದ್ದರ ಬಗ್ಗೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮೌಂಟನ್ ಬೈಕಿನ ಹಿಂಚಕ್ರದ ರಿಮ್ ಬಿರುಕು ಬಿಟ್ಟಿರುವುದು ಮತ್ತು ನನ್ನ ವಾರಂಟಿ ಕೋರಿಕೆಯನ್ನು ಮೂರನೆಯ ಬಾರಿ ತಿರಸ್ಕರಿಸಿರುವುದು.

ಮಾನ್ಯರೇ,

ನಾಲ್ಕು ಫೋನ್ ಕರೆ, ಆರು ಇಮೇಲ್ ಮತ್ತು ಹನ್ನೊಂದು ಫೋಟೋಗಳ ನಂತರ ಈ ಪತ್ರ ಬರೆಯುತ್ತಿದ್ದೇನೆ. ಇದರಲ್ಲಿ ಸಿಟ್ಟು ಇಣುಕಬಾರದೆಂದು ಎರಡು ದಿನ ಪೆನ್ನು ಮುಟ್ಟದೆ ಕುಳಿತಿದ್ದೆ. ಆದರೂ ಅಲ್ಲಲ್ಲಿ ಇಣುಕಿದರೆ, ಎರಡು ದಿನ ಸಾಲಲಿಲ್ಲವೆಂದು ತಿಳಿಯಿರಿ.

ಈ ರಿಮ್ಮನ್ನು ನಾನು ಕಣ್ಣು ಮುಚ್ಚಿಕೊಂಡು ಕೊಂಡವನಲ್ಲ. ಕೊಳ್ಳುವ ಮೊದಲೇ ನಿಮ್ಮ ತಾಂತ್ರಿಕ ಸಲಹಾ ವಿಭಾಗಕ್ಕೆ ಬರೆದು, ನನ್ನ ತೂಕ 78 ಕೆಜಿ, ಸೈಕಲ್ಲಿನದು 16 ಕೆಜಿ, ನೀರು ಸೇರಿ ಸಾಮಾನು 26 ಕೆಜಿ, ಒಟ್ಟು 120 ಕೆಜಿ ಎಂದೂ, ಹೋಗುವುದು ಡಾಂಬರು ಕಾಣದ ಕಲ್ಲು ಕೊರಕಲಿನ ದಾರಿಗಳಲ್ಲಿ, ಅದೂ ದಿನಗಟ್ಟಲೆ ಎಂದೂ, ಹೊರೆಯ ಹೆಚ್ಚಿನ ಪಾಲು ಹಿಂದಿನ ಕ್ಯಾರಿಯರ್ ಮೇಲೆಯೇ ಇರುತ್ತದೆ ಎಂದೂ ಒಂದನ್ನೂ ಮುಚ್ಚಿಡದೆ ತಿಳಿಸಿದ್ದೆ. ನಿಮ್ಮ ಪಟ್ಟಿಯಲ್ಲಿದ್ದ ಕಡ್ಡಿ (ಸ್ಪೋಕ್) ಕೂರಲು 36 ತೂತುಗಳಿರುವ, ತೂತಿನ ಅಂಚಿಗೆ ಬಲ ಕೊಡುವ ಲೋಹದ ಉಂಗುರ (ಐಲೆಟ್) ಕೂರಿಸಿದ, 640 ಗ್ರಾಂ ತೂಗುವ ರಿಮ್ಮೇ ಸರಿಯಲ್ಲವೇ ಎಂದು ಕೇಳಿದ್ದವನೂ ನಾನೇ. ಅದಕ್ಕೆ ಬಂದ ಉತ್ತರದಲ್ಲಿ, ಐಲೆಟ್ ಹಳೆಯ ಕಾಲದ್ದು, 32 ತೂತುಗಳು ಧಾರಾಳವಾಗಿ ಸಾಕು, 30 ಮಿಮೀ ಒಳ ಅಗಲದ ಈ 470 ಗ್ರಾಂ ರಿಮ್ 'ಪ್ರವಾಸಕ್ಕೆ ಹೇಳಿ ಮಾಡಿಸಿದ್ದು' ಎಂದಿತ್ತು. ಉಳಿದದ್ದು 170 ಗ್ರಾಂ. ಒಂದು ಲೋಟ ನೀರಿನ ತೂಕ. 26 ಕೆಜಿ ಸಾಮಾನು ಹೊರುವವನಿಗೆ ಒಂದು ಲೋಟ ನೀರಿನ ಭಾರವನ್ನು ಉಳಿಸಿಕೊಟ್ಟ ಔದಾರ್ಯವನ್ನು ನಾನು ಇನ್ನೂ ಮರೆತಿಲ್ಲ.

ಪೆಟ್ಟಿಗೆಯ ಜೊತೆ ಬಂದ ನಿಮ್ಮದೇ ಕೈಪಿಡಿಯ ಪ್ರಕಾರ, ಈ ರಿಮ್ ಸೈಕಲ್ ಬಳಕೆಯನ್ನು ವರ್ಗಗಳಾಗಿ ವಿಂಗಡಿಸುವ ಎಎಸ್‌ಟಿಎಂ ಎಫ್ 2043 ಮಾನದಂಡದ 3ನೇ ವರ್ಗಕ್ಕೆ ಸೇರಿದ್ದು. ಸವಾರ, ಸೈಕಲ್ ಮತ್ತು ಸಾಮಾನು ಸೇರಿ ಗರಿಷ್ಠ ತೂಕ 140 ಕೆಜಿ. ಕಡ್ಡಿಗಳ ಗರಿಷ್ಠ ಬಿಗಿತ 1,200 ನ್ಯೂಟನ್. 3ನೇ ವರ್ಗವೆಂದರೆ ಏನೆಂದು ಬರೆದವರಿಗೇ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಒರಟು ಕಾಲುದಾರಿ, ಕಲ್ಲು ಬೇರುಗಳ ಅಡ್ಡಿ, 61 ಸೆಂಮೀ ಒಳಗಿನ ಜಿಗಿತ. ನಾನು ಜಿಗಿದವನೇ ಅಲ್ಲ. 26 ಕೆಜಿ ಕಟ್ಟಿಕೊಂಡವನು ಜಿಗಿಯುವುದೂ ಇಲ್ಲ.

ಚಕ್ರ ಕಟ್ಟಿಸುವಾಗಲೂ ನಾನು ಕೈ ಬಿಗಿಹಿಡಿಯಲಿಲ್ಲ. ನಡುವೆ ಸಪೂರವಾಗಿರುವ 2.0/1.8/2.0 ಮಿಮೀ ಕಡ್ಡಿಗಳು, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆಯ ನಿಪ್ಪಲ್‌ಗಳು, ಮೀಟರ್ ಹಿಡಿದು ಅಳೆದ ಬಿಗಿತ: ಚೈನಿನ ಬದಿಗೆ 1,150 ನ್ಯೂಟನ್, ಎದುರು ಬದಿಗೆ 650. ಕ್ಯಾಸೆಟ್ಟಿಗೆ (ಹಿಂದಿನ ಗಿಯರ್ ಹಲ್ಲುಚಕ್ರಗಳ ಗೊಂಚಲಿಗೆ) ಜಾಗ ಬಿಡಲು, ಚಕ್ರದ ನಡುವಿನ ಹಬ್ಬಿನಲ್ಲಿ ಕಡ್ಡಿ ಸಿಕ್ಕಿಸುವ ಅಂಚು, ಅಂದರೆ ಫ್ಲೇಂಜು, ಒಳಕ್ಕೆ ಸರಿದಿರುವುದರಿಂದ ಚೈನಿನ ಬದಿಯ ಕಡ್ಡಿಗಳನ್ನು ಹೆಚ್ಚು ಎಳೆದು ಬಿಗಿಯಲೇಬೇಕು. ಹಿಂಚಕ್ರ ಇರುವುದೇ ಹಾಗೆ. ಕಟ್ಟಿದ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಯನ್ನು ಮೂರು ಸಲ ಕಳುಹಿಸಿದ್ದೇನೆ. ಅದನ್ನು ತೆರೆದು ನೋಡಿದ ಕುರುಹು ನಿಮ್ಮ ಯಾವ ಉತ್ತರದಲ್ಲಿಯೂ ಇಲ್ಲ.

1,340 ಕಿಮೀ ಆದಮೇಲೆ, ಏರಿನಲ್ಲಿ ತುಳಿಯುವಾಗ ಹಿಂದಿನಿಂದ ಟಿಕ್ ಎನ್ನುವ ಸದ್ದು ಬರತೊಡಗಿತು. ಮೊದಲು ಕ್ಯಾರಿಯರಿನ ಬೋಲ್ಟು ಎಂದುಕೊಂಡೆ, ಆಮೇಲೆ ಪೆಡಲ್ ಎಂದುಕೊಂಡೆ. ಸಂಜೆ ಚಕ್ರ ಬಿಚ್ಚಿ, ಕೆಸರು ಒರೆಸಿ, ಟಾರ್ಚ್ ಹಿಡಿದು ನೋಡಿದಾಗ ಚೈನಿನ ಬದಿಯ ನಾಲ್ಕು ತೂತುಗಳ ಅಂಚಿನಿಂದ ರಿಮ್ಮಿನ ಉದ್ದಕ್ಕೆ ಎರಡೂ ಕಡೆ ಬಿರುಕು ಹರಿದಿತ್ತು. ಕೂದಲೆಳೆಯ ಗೀರಲ್ಲ, ಉಗುರು ಸವರಿದರೆ ಸಿಕ್ಕಿಕೊಳ್ಳುವಂಥದ್ದು. ಒಂದು ತೂತಿನ ಸುತ್ತ ಅಲ್ಯೂಮಿನಿಯಂ ಸುಟ್ಟ ಬೊಬ್ಬೆಯಂತೆ ಹಬ್ಬಿನ ಕಡೆಗೆ ಉಬ್ಬಿ, ನಿಪ್ಪಲ್ ಹೊರಬೀಳಲು ಹವಣಿಸುವಂತಿತ್ತು.

ಇದಕ್ಕೆ ನಿಮ್ಮಿಂದ ಮೂರು ಕಾರಣಗಳು ಬಂದಿವೆ, ಒಂದನ್ನೊಂದು ಅವು ಭೇಟಿ ಮಾಡಿದಂತಿಲ್ಲ. ಮೊದಲನೆಯ ಇಮೇಲಿನಲ್ಲಿ ಕಡ್ಡಿಗಳು ಸಡಿಲವಾಗಿದ್ದವು. ಸಡಿಲವಿದ್ದರೆ ಸಾಮಾನ್ಯವಾಗಿ ಮೊದಲು ತುಂಡಾಗುವುದು ಕಡ್ಡಿಯೇ, ಹಬ್ಬಿನ ಬಳಿಯ ಬಾಗಿನಲ್ಲಿ. ನನ್ನ 32 ಕಡ್ಡಿಗಳಲ್ಲಿ ಒಂದೂ ತುಂಡಾಗಿಲ್ಲ. ಎರಡನೆಯದರಲ್ಲಿ ಅವೇ ಕಡ್ಡಿಗಳು ಅತಿ ಬಿಗಿಯಾಗಿದ್ದವು. ಮೂರನೆಯದರಲ್ಲಿ ನಾನು ರಿಮ್ಮನ್ನು ಕಲ್ಲಿಗೆ ಅಪ್ಪಳಿಸಿದ್ದೆ. ಅಪ್ಪಳಿಸಿದ್ದರೆ ಟೈರ್ ಕೂರುವ ಅಂಚು ನೆಗ್ಗಬೇಕಿತ್ತು. ಅಂಚುಗಳು ಪೆಟ್ಟಿಗೆಯಿಂದ ಬಂದ ದಿನದಂತೆಯೇ ಇವೆ. ಕಡ್ಡಿಗಳು ಭಾರವನ್ನು ಕಂಬಗಳ ಹಾಗೆ ಹೊರುವುದಿಲ್ಲ. ಮೊದಲೇ ಎಳೆದು ಬಿಗಿದ ಕಡ್ಡಿ ನೆಲದ ಕಡೆಗೆ ಬಂದಾಗ ತುಸು ಸಡಿಲಗೊಂಡು, ದಾಟಿದ ಕೂಡಲೇ ಮತ್ತೆ ಬಿಗಿಯಾಗುತ್ತದೆ. 57 ಮಿಮೀ ಟೈರ್ ಇರುವ 29 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 430 ಸುತ್ತು ಹಾಕುತ್ತದೆ. ಅಂದರೆ ನನ್ನ ಪ್ರಯಾಣದಲ್ಲಿ ಪ್ರತಿಯೊಂದು ತೂತಿನ ಅಂಚೂ ಸುಮಾರು ಐದೂಮುಕ್ಕಾಲು ಲಕ್ಷ ಸಲ ಈ ಎಳೆದಾಟಕ್ಕೆ ಸಿಕ್ಕಿದೆ. ಅಲ್ಲಿ ಲೋಹ ತೆಳುವಾಗಿದ್ದರೆ ಅದು ದಣಿಯುತ್ತದೆ, ದಣಿದ ಕಡೆ ಬಿರುಕು ಬಿಡುತ್ತದೆ. ನಾಲ್ಕೂ ಬಿರುಕುಗಳು ಹೆಚ್ಚು ಬಿಗಿತವಿರುವ ಚೈನಿನ ಬದಿಯಲ್ಲೇ ಇರುವುದಕ್ಕೆ ಬೇರೆ ಕಾರಣವಿದ್ದರೆ ದಯವಿಟ್ಟು ತಿಳಿಸಿ.

ಇನ್ನು ಕಳೆದ ವಾರದ ಫೋನ್ ಕರೆ. 22 ನಿಮಿಷ ಸಂಗೀತ ಕೇಳಿಸಿದ ಮೇಲೆ ಬಂದ ನಿಮ್ಮ ಪ್ರತಿನಿಧಿಯ ಮೊದಲ ಪ್ರಶ್ನೆ: "ಸರ್, ಚಕ್ರ ತಿರುಗುತ್ತದೆಯೇ?" ತಿರುಗುತ್ತದೆ ಎಂದೆ. "ಹಾಗಾದರೆ ಸಮಸ್ಯೆ ಏನು?" ಬಿರುಕು ಎಂದೆ. ಉದ್ದ ಕೇಳಿದರು, ದೊಡ್ಡದು 9 ಮಿಮೀ, ಪಕ್ಕದ್ದು 7 ಎಂದೆ. ಯಾವುದರಿಂದ ಅಳೆದಿರಿ ಎಂದರು, ಅಡಿಪಟ್ಟಿಯಿಂದ ಎಂದೆ. ಅಡಿಪಟ್ಟಿಯ ಅಳತೆಯನ್ನು ಸಂಸ್ಥೆ ಒಪ್ಪುವುದಿಲ್ಲವಂತೆ. ಆಮೇಲೆ, ಚಕ್ರವನ್ನು ಫೋನಿನ ಹತ್ತಿರ ತಿರುಗಿಸಿ, ಸದ್ದು ಕೇಳಬೇಕು ಎಂದರು. ಒಂದು ಕೈಯಲ್ಲಿ ಸೀಟು ಹಿಡಿದು ಸೈಕಲ್ಲಿನ ಹಿಂಭಾಗವನ್ನು ಎತ್ತಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮೊಣಕಾಲಿನಿಂದ ಚಕ್ರ ತಿರುಗಿಸಿದೆ. ಲೆಕ್ಕ ಮಾಡುತ್ತಿದ್ದ ಮಗಳು ಪುಸ್ತಕ ಮಡಚಿಟ್ಟು ನೋಡತೊಡಗಿದಳು. "ಏನೂ ಕೇಳಿಸುತ್ತಿಲ್ಲ ಸರ್." ಭಾರ ಬಿದ್ದಾಗ ಮಾತ್ರ ಸದ್ದು ಬರುತ್ತದೆ ಎಂದು ವಿವರಿಸಿದೆ. "ಹಾಗಾದರೆ ಮೇಲೆ ಕುಳಿತುಕೊಳ್ಳಿ." ಕುಳಿತೆ. ಗೋಡೆಗೆ ಒರಗಿ, ಫೋನನ್ನು ಹಿಂಚಕ್ರದ ಕಡೆಗೆ ಚಾಚಿ, ಸೀಟಿನ ಮೇಲೆ ಕುಪ್ಪಳಿಸಿದೆ. ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿನಲ್ಲಿ ನ್ಯಾಯ ಸಿಗುವುದೇನೋ ಎಂಬ ಆಸೆ ಇತ್ತು. ಟಿಕ್ ಎಂದಿತು. ಮಗಳಿಗೂ ಕೇಳಿಸಿತು. ನಿಮ್ಮವರಿಗೆ ಕೇಳಿಸಲಿಲ್ಲ.

ಅನಂತರ ಅವರು ದನಿ ತಗ್ಗಿಸಿ, "ಸರ್, ನಿಮ್ಮ ತೂಕ ನಿಜವಾಗಿಯೂ 78 ಏನು? ಜನ ಸಾಮಾನ್ಯವಾಗಿ ಕಡಿಮೆ ಹೇಳುತ್ತಾರೆ" ಎಂದರು. ತಕ್ಕಡಿಯ ಮೇಲೆ ನಿಂತು 77.6 ಎಂದು ಓದಿ ಹೇಳಿದೆ. ಊಟಕ್ಕೆ ಮೊದಲೋ ನಂತರವೋ ಎಂದರು. ಅದಕ್ಕೂ ಉತ್ತರಿಸಿದೆ. ಎಲ್ಲ ಮುಗಿದ ಮೇಲೆ ಬಂದದ್ದು ಈ ಮಾತು: "ಸಾಮಾನು ಕಟ್ಟಿಕೊಂಡು ಕಲ್ಲಿನ ದಾರಿಯಲ್ಲಿ ಹೋದರೆ ಯಾವ ರಿಮ್ ತಾನೇ ಉಳಿಯುತ್ತದೆ ಸರ್?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕೆಂಬುದು ನಿಜವೇ. ಡೊಂಕು ನೆಲಕ್ಕೆಂದೇ ನೀವು ರಿಮ್ಮನ್ನು ಮಾರಿದ್ದೀರಿ. ನಿಮ್ಮವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಕಲ್ಲು ಬಂದಾಗ ಸವಾರ ಪೆಡಲ್ ಮೇಲೆ ಎದ್ದು ನಿಂತು ಮೊಣಕಾಲಿನಿಂದ ಪೆಟ್ಟು ನುಂಗುತ್ತಾನೆ. ಕ್ಯಾರಿಯರಿಗೆ ಕಟ್ಟಿದ ಚೀಲ ಎದ್ದು ನಿಲ್ಲುವುದಿಲ್ಲ. ಹಾಗಾಗಿ ಸಾಮಾನಿನ 26 ಕೆಜಿ ಸವಾರನ 26 ಕೆಜಿಗಿಂತ ಕ್ರೂರವಾದದ್ದು. ಆದರೆ ಆ ವ್ಯತ್ಯಾಸ ಕೈಪಿಡಿಯಲ್ಲಿ ಎಲ್ಲಿದೆ? ಅಲ್ಲಿರುವುದು 'ಸವಾರ, ಸೈಕಲ್ ಮತ್ತು ಸಾಮಾನು' ಎಂಬ ಮೂರು ಪದ, ಒಂದು ಸಂಖ್ಯೆ. ಹೊರೆಯ ಸೈಕಲ್ಲಿಗೆ ಜನ 36 ತೂತುಗಳ, ತೂತಿನ ಬಳಿ ದಪ್ಪವಿರುವ, ಭಾರದ ರಿಮ್ಮನ್ನೇ ಹುಡುಕುವುದು ಈ ವ್ಯತ್ಯಾಸಕ್ಕಾಗಿಯೇ. ನಾನು ಕೇಳಿದ್ದೂ ಅದನ್ನೇ. ಮಾರುವಾಗ ತಿಳಿಯದಿದ್ದ ವಿದ್ಯೆ ವಾರಂಟಿ ಕೇಳಿದಾಗ ಮಾತ್ರ ಹೊಳೆಯುವುದು, ಆಮೇಲೆ ಗೂಬೆಯನ್ನು ತಂದು ನನ್ನ ತಲೆಯ ಮೇಲೆ ಕೂರಿಸುವುದು ಯಾವ ನ್ಯಾಯ?

ಬದಲಿ ರಿಮ್ ಕೊಡಿ ಎಂದು ಬರೆಯಲು ಕುಳಿತವನು ನಾನು. ಇಲ್ಲಿಯವರೆಗೆ ಬರೆದ ಮೇಲೆ ಅದೂ ಬೇಡವೆನಿಸುತ್ತಿದೆ. ನೀವು ಬೇಡವೆಂದ ಬಗೆಯದೇ 36 ತೂತುಗಳ ರಿಮ್ಮನ್ನು ಬೇರೊಬ್ಬ ತಯಾರಕರಿಂದ ತರಿಸಿ, ಹೊಸ ಹಬ್ಬಿನೊಂದಿಗೆ ಚಕ್ರ ಕಟ್ಟಿಸಿಯಾಗಿದೆ. ನಿಮ್ಮಿಂದ ಬೇಕಾದದ್ದು ಕೊಟ್ಟ ಹಣ ಮತ್ತು ಒಂದು ಸಾಲಿನ ಲಿಖಿತ ಉತ್ತರ: ಕೈಪಿಡಿಯ ಯಾವ ನಿಯಮವನ್ನು ನಾನು ಮೀರಿದ್ದೇನೆ? ಇದಕ್ಕೆ 15 ದಿನ ಕೊಡುತ್ತೇನೆ.

ಆ ದಿನಗಳು ಕಳೆದರೆ ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತುವೆ; ಕೊಳ್ಳುವ ಮೊದಲು ಬಂದ ನಿಮ್ಮ ಇಮೇಲ್, ಮೆಕ್ಯಾನಿಕ್ಕಿನ ಚೀಟಿ, ಮೂರು ಬಗೆಯ ನಿಮ್ಮ ಮೂರು ಕಾರಣಗಳು ಎಲ್ಲವೂ ಅಲ್ಲಿರುತ್ತವೆ. ಕರೆಯ ಆರಂಭದಲ್ಲಿ, ಗುಣಮಟ್ಟಕ್ಕಾಗಿ ಈ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ ಎಂದು ನಿಮ್ಮ ಯಂತ್ರ ಹೇಳಿತು. ಅದೇ ಗುಣಮಟ್ಟಕ್ಕಾಗಿ ನಾನೂ ಮುದ್ರಿಸಿಕೊಂಡಿದ್ದೇನೆ; ಊಟದ ಪ್ರಶ್ನೆ ಸ್ಪಷ್ಟವಾಗಿ ಕೇಳಿಸುತ್ತದೆ, ಟಿಕ್ ಸದ್ದೂ ಕೇಳಿಸುತ್ತದೆ. ರಿಮ್ಮನ್ನು ಮಾತ್ರ ನಿಮಗೆ ಹಿಂತಿರುಗಿಸುವುದಿಲ್ಲ. ಬಿರುಕು ಬಿಟ್ಟ ಒಂದೊಂದು ತೂತನ್ನೂ ಅಡ್ಡಕ್ಕೆ ಕೊಯ್ದು, ಒಳಗೋಡೆಯ ದಪ್ಪ ಕಾಣುವಂತೆ ಮಾಡಿ, ನನಗೆ ಗೊತ್ತಿರುವ ನಾಲ್ಕು ಮಂದಿ ಚಕ್ರ ಕಟ್ಟುವವರಿಗೆ ಒಂದೊಂದು ತುಂಡು ಕೊಡುತ್ತೇನೆ. ನಿಮ್ಮ ರಿಮ್ ಕೇಳಿಕೊಂಡು ಬಂದವರಿಗೆ ಅವರು ಅದನ್ನು ತೋರಿಸಲಿ. ಗರಗಸ ತಂದಿಟ್ಟಿದ್ದೇನೆ. ಲೋಹದ ದಪ್ಪ ನೋಡಿದರೆ, ಕೊಯ್ಯಲು ಹೆಚ್ಚು ಹೊತ್ತು ಹಿಡಿಯಲಾರದು.

ಇತಿ,
ನಿಮ್ಮ ಹಿಂದಿನ ಗ್ರಾಹಕ