ಸೋತವನ ಕಡೆಯಿಂದ ವಾರ್ಡಿನವರಿಗೆ

ಮಂಗಳೂರು ಮಹಾನಗರ ಪಾಲಿಕೆಯ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಅದರ ಜೊತೆಗೆ ನಮ್ಮ ವಾರ್ಡ್ ಸಮಿತಿಯೂ ಮುಗಿಯಿತು. ಸಮಿತಿಯಲ್ಲಿ ನನ್ನನ್ನು ಸಹಿಸಿಕೊಂಡವರಿಗೂ ಅದಕ್ಕೂ ಮೊದಲು ನನಗೆ ಮತ ಹಾಕಿದವರಿಗೂ ನಾಲ್ಕು ಮಾತು ಹೇಳದೆ ಸುಮ್ಮನಿರುವುದು ಸರಿಯಲ್ಲ.

2019ರ ನವೆಂಬರ್‌ನ ಪಾಲಿಕೆ ಚುನಾವಣೆಯಲ್ಲಿ ನನಗೆ ಮತ ಹಾಕಿದವರು ಹೆಚ್ಚು ಜನ ಇರಲಿಲ್ಲ. ಪಕ್ಷೇತರನಾಗಿ ನಿಂತ ನನ್ನ ಠೇವಣಿಯೂ ಉಳಿಯಲಿಲ್ಲ. ಆದರೂ ಅಂಗಳಕ್ಕೆ ಬಂದವನಿಗೆ ನೀರು, ಬೆಲ್ಲ ಕೊಟ್ಟು, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ತಮ್ಮ ಓಣಿಯ ಕಷ್ಟ ಹೇಳಿಕೊಂಡಿರಿ. "ಫೈಲ್ ಹಂಚುವ ಸಾಫ್ಟ್‌ವೇರ್ ಮಾಡುವವನಿಗೆ ಚರಂಡಿಯ ವಿಷಯ ಏನು ಗೊತ್ತು?" ಎಂದು ಎದುರಾಳಿಗಳು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಟ್ಟವರು ನೀವು.

ಆ ತಂತ್ರಾಂಶ ಹುಟ್ಟಿದ್ದು ಕಾಲೇಜಿನ ಹಾಸ್ಟೆಲಿನಲ್ಲಿ. ಹೊರಗಿನ ಇಂಟರ್ನೆಟ್ ಬಡಕಲಾಗಿತ್ತು, ಕೋಣೆ ಕೋಣೆಯ ಕಂಪ್ಯೂಟರುಗಳನ್ನು ಜೋಡಿಸುವ ಒಳಗಿನ ಜಾಲ, ಅಂದರೆ ಲ್ಯಾನ್, ಗಟ್ಟಿಯಾಗಿತ್ತು. ನಡುವೆ ಇರುವ ಯಂತ್ರ ಯಾರ ಬಳಿ ಏನಿದೆ ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಫೈಲ್ ಮಾತ್ರ ಒಂದು ಕೋಣೆಯ ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. ಹುಡುಗರು ಅದರಲ್ಲಿ ಹಂಚಿಕೊಂಡದ್ದು ಪಠ್ಯಕ್ಕಿಂತ ಸಿನಿಮಾಗಳನ್ನೇ ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮದುವೆಯ ವಿಡಿಯೊ ಮಾಡುವ ಸ್ಟುಡಿಯೋಗಳು, ಡಿಟಿಪಿ ಅಂಗಡಿಗಳು, ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿಕೊಂಡಿದ್ದ ಕಲಾಭಿಮಾನಿಗಳು ಅದನ್ನು ಬಳಸಿದರು. ಇರುಳಿಡೀ ನಡೆದ ಒಂದು ಕರ್ಣಪರ್ವ ಬೆಳಗಾಗುವುದರೊಳಗೆ ಐದಾರು ಮನೆ ಸೇರುವುದನ್ನು ನೋಡುವ ಸುಖವೇ ಬೇರೆ. ದೋಷಗಳನ್ನು ಹುಡುಕಿ, ಬೈದು, ಮತ್ತೆ ಬಳಸಿದ ಆ ಹಿರಿಯರಿಗೆ ನಮಸ್ಕಾರ.

ದೂರದ ಒಬ್ಬರನ್ನೂ ನೆನೆಯಬೇಕು. ಹಾಡುಗಳ ಫೈಲ್ ಹಂಚಿಕೊಳ್ಳುವ ಲೈಮ್‌ವೈರ್ ಎಂಬ ತಂತ್ರಾಂಶದ ಹೆಸರು ನನ್ನ ವಯಸ್ಸಿನವರಿಗೆ ನೆನಪಿದ್ದೀತು. 2000ದಲ್ಲಿ ಅದನ್ನು ಹೊರತಂದ ಮಾರ್ಕ್ ಗಾರ್ಟನ್ ನ್ಯೂಯಾರ್ಕಿನ ಬೀದಿಗಳ ಹೋರಾಟದಲ್ಲೂ ಇದ್ದವರು. ಪಾದಚಾರಿ, ಸೈಕಲ್, ಬಸ್ಸುಗಳಿಗೆ ಜಾಗ ಕೇಳುತ್ತಾ ತಮ್ಮ ಹಣವನ್ನೂ ತಂತ್ರಾಂಶದ ಅನುಭವವನ್ನೂ ಅದಕ್ಕೆ ಹಾಕಿದರು. ಲೈಮ್‌ವೈರನ್ನು 2010ರಲ್ಲಿ ನ್ಯಾಯಾಲಯ ನಿಲ್ಲಿಸಿತು. ಮರುವರ್ಷ ಸಂಗೀತ ಕಂಪನಿಗಳಿಗೆ 10.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅವರ ವ್ಯಾಪಾರದ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಕೋಡ್ ಬರೆಯುವವನು ರಸ್ತೆಯ ಬಗ್ಗೆ ಮಾತನಾಡಬಹುದು ಎಂಬ ಧೈರ್ಯ ಬಂದದ್ದು ಅವರ ಕಥೆಯಿಂದಲೇ. ಉಳಿದ ಧೈರ್ಯ ಕೊಟ್ಟದ್ದು 2019ರ ಆಗಸ್ಟ್‌ನ ಮಳೆ. ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಕೆಳಗಿನ ಮಂದಾರ ಎಂಬಲ್ಲಿನ ತೋಟಗಳ ಮೇಲೆ, ಮನೆಗಳ ಮೇಲೆ ಹರಿಯಿತು. ಅದರಲ್ಲಿ ನಮ್ಮ ಮನೆಯ ಕಸವೂ ಇತ್ತು.

ವಾರ್ಡ್ ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು. ಅಂದರೆ ನನ್ನನ್ನು ಸೋಲಿಸಿದವರೇ. ಮನಸ್ಸು ಮಾಡಿದ್ದರೆ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅವರು ಪ್ರತಿ ಸಲವೂ "ಇವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಿರಿ" ಎಂದರು. ಬರೆದದ್ದೆಲ್ಲ ಕೆಲಸವಾಗಲಿಲ್ಲ, ಆದರೆ ಬರೆಯದ್ದು ಯಾವುದೂ ಕೆಲಸವಾಗುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಪಕ್ಷಕ್ಕೆ ನಾನು ಈಗಲೂ ಮತ ಹಾಕುವುದಿಲ್ಲ. ಅವರಿಗೆ ಮಾತ್ರ ಕೈಮುಗಿಯುತ್ತೇನೆ.

ಮಳೆನೀರು ಹರಿಯುವ ನಮ್ಮ ತೋಡಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಜೂನ್‌ನಲ್ಲಿ ಕೆಳಗಿನ ಓಣಿಗೆ ನೀರು ನುಗ್ಗುತ್ತಿತ್ತು, ಪ್ರತಿ ಮೇ ತಿಂಗಳಲ್ಲಿ ಹೂಳೆತ್ತಿದ ಬಿಲ್ಲು ಆಗುತ್ತಿತ್ತು. ಮಾಹಿತಿ ಹಕ್ಕು ಕಾಯ್ದೆ ಕಾಗದದ ಪ್ರತಿಯನ್ನಷ್ಟೇ ಕೊಡಿಸುವುದಿಲ್ಲ, ಕಡತವನ್ನೂ ಕಾಮಗಾರಿಯನ್ನೂ ಕಣ್ಣಾರೆ ಪರಿಶೀಲಿಸುವ ಹಕ್ಕನ್ನೂ ಕೊಡುತ್ತದೆ ಎಂದು ತಿಳಿಸಿ, ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆಯನ್ನು ಅರ್ಜಿಯಲ್ಲಿ "ಅಳತೆ ಪುಸ್ತಕ" ಎಂದೇ ಹೆಸರಿಸಿ ಕೇಳಿ ಎಂದವರು ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಗುಮಾಸ್ತರು. ಮೋರಿಯ ಅಡಿಯಲ್ಲಿ ನೀರಿನ ಪೈಪು ಅಡ್ಡ ಹಾದಿದೆ, ಪ್ಲಾಸ್ಟಿಕ್ ಎಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಎಷ್ಟು ಹೂಳೆತ್ತಿದರೂ ಅಷ್ಟೇ ಎಂದು ಕೋಲು ಹಾಕಿ ತೋರಿಸಿದವರು ಪೌರಕಾರ್ಮಿಕರು. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ. ಇನ್ನು ಬೀಡಿ ಕಟ್ಟುವ ನಮ್ಮ ಅಕ್ಕ, ವರ್ಷ ವರ್ಷವೂ ನೀರು ಏರಿದ ಮಟ್ಟಕ್ಕೆ ಗೋಡೆಯಲ್ಲಿ ಇದ್ದಿಲಿನಿಂದ ಗೆರೆ ಎಳೆದು ಇಸವಿ ಬರೆದಿಟ್ಟಿದ್ದರು. "ಬೇಗ ಫೋಟೋ ತೆಗೆಯಿರಿ ಮಾರಾಯರೆ, ಮಗಳ ಮದುವೆಗೆ ಸುಣ್ಣ ಹೊಡೆಸಬೇಕು" ಎಂದರು. ಆ ಗೋಡೆಯ ಫೋಟೋ ನೋಡಿದ ಮೇಲೆಯೇ ಎಂಜಿನಿಯರರು ಸ್ಥಳಕ್ಕೆ ಬಂದದ್ದು. ಪೈಪು ಈಗ ಮೋರಿಯ ಮೇಲಿನಿಂದ ಹೋಗುತ್ತದೆ. ನೀರು ನುಗ್ಗುವುದು ಪೂರ್ತಿ ನಿಂತಿಲ್ಲ, ಆದರೆ ಅಕ್ಕನ ಹೊಸಿಲು ದಾಟುವುದಿಲ್ಲ.

ಹೆಂಡತಿಗೆ ಸಾರ್ವಜನಿಕವಾಗಿ ಕೃತಜ್ಞತೆ ಹೇಳಿದರೆ ಅವಳು ನಗುತ್ತಾಳೆ. ಪ್ರಚಾರದ ಬ್ಯಾನರುಗಳನ್ನು ಮಳೆಗಾಲಕ್ಕೆ ಕಟ್ಟಿಗೆ ಮುಚ್ಚಲು ಬಳಸಿ, "ಕೊನೆಗೂ ಒಂದು ಉಪಯೋಗಕ್ಕೆ ಬಂದಿರಿ" ಎಂದವಳು ಅವಳು. ಮನೆಯ ಸಾಲದ ಕಂತು ಕಟ್ಟಿದವಳೂ ಅವಳೇ.

ಸಮಿತಿಯ ನಡಾವಳಿಗಳು, ಅಂದಾಜುಪಟ್ಟಿಗಳು, ಕಾರ್ಯಾದೇಶಗಳು, ಆ ಗೋಡೆಯ ಫೋಟೋಗಳು ಎಲ್ಲವೂ ಒಂದೇ ಫೋಲ್ಡರಿನಲ್ಲಿವೆ. ನಮ್ಮ ಹಳೆಯ ತಂತ್ರಾಂಶದ ಮೂಲಕ ವಾರ್ಡಿನ ಹಲವು ಮನೆಗಳ ಕಂಪ್ಯೂಟರುಗಳಲ್ಲಿ ಅದರ ಪ್ರತಿ ಕುಳಿತಿದೆ. ಒಂದು ಪ್ರತಿ ಮಾರ್ಕೆಟ್ ಬಳಿಯ ಜೆರಾಕ್ಸ್ ಅಂಗಡಿಯಲ್ಲೂ ಇದೆ. ಮುಂದಿನ ಕಾರ್ಪೊರೇಟರ್ ಯಾವ ಪಕ್ಷದವರೇ ಆಗಲಿ, ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದರೆ ಸಾಕು.