ತಾಯಿ ಕಾರ್ಡ್‌ನಲ್ಲಿ ಮಲದ ಬಣ್ಣದ ಚಿತ್ರವೂ ಇರಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳಿಗೆ ಹುಟ್ಟಿ ಎರಡು ವಾರ ಕಳೆದರೂ ಕಾಮಾಲೆ ಇಳಿಯಲಿಲ್ಲ. ತೋರಿಸಿದ ಕಡೆಯೆಲ್ಲ, ಎಳೆಬಿಸಿಲಿಗೆ ಹಿಡಿಯಿರಿ, ಸರಿಹೋಗುತ್ತೆ ಅಂದರು. ಹಿಡಿದೆವು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಬಟ್ಟೆ ಒಗೆಯುತ್ತಿದ್ದ ನಮ್ಮಮ್ಮ ಮಾತ್ರ ದಿನಾ ಹೇಳುತ್ತಿದ್ದರು, ಉಚ್ಚೆ ಕಲೆ ಅರಿಶಿನ ಬಿದ್ದ ಹಾಗಿದೆ, ಕಕ್ಕ ಸುಣ್ಣ ಕಲಸಿದ ಹಾಗಿದೆ ಅಂತ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ಪಿತ್ತನಾಳ ಮುಚ್ಚಿಹೋಗಿದೆ, ಅದಕ್ಕೇ ಕಕ್ಕ ಬೆಳ್ಳಗಿದೆ ಅಂತ ಗೊತ್ತಾಗುವ ಹೊತ್ತಿಗೆ ಮಗುವಿಗೆ 85 ದಿನ. ಕಸಾಯಿ ಆಪರೇಷನ್ ಆಗಬೇಕು ಅಂದಾಗ ಆ ಹೆಸರು ಕೇಳಿಯೇ ಅಮ್ಮ ಬೆಚ್ಚಿದರು. ಅದು 1950ರ ದಶಕದಲ್ಲಿ ಕರುಳನ್ನು ನೇರ ಲಿವರ್‌ಗೆ ಜೋಡಿಸಿ ಪಿತ್ತ ಹರಿಯುವಂತೆ ಮಾಡಿದ ಜಪಾನಿನ ಸರ್ಜನ್ ಮೋರಿಯೋ ಕಸಾಯಿ ಅವರ ಹೆಸರು. ಇದನ್ನು 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಮಾಡದೇ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ದಿನದ ಲೆಕ್ಕ ಒಂದೇ ಅಲ್ಲ, ನಿಜ. ಇಂಥ ಆಪರೇಷನ್ ಮಾಡಿ ಪಳಗಿದ ಕೈ ಬೇಕು, ಅದಕ್ಕೇ ಇಂಗ್ಲೆಂಡ್‌ನಲ್ಲಿ 1999ರಿಂದ ಮೂರೇ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಆಪರೇಷನ್ ಆದಮೇಲೂ ಪಿತ್ತನಾಳಕ್ಕೆ ಸೋಂಕು ತಗುಲಿ ಮತ್ತೆ ಮತ್ತೆ ಜ್ವರ ಬಂದರೆ ಉಳಿದ ಲಿವರೂ ಹಾಳಾಗುತ್ತದೆ. ನಮ್ಮ ಮಗುವಿಗೆ ಹಾಗೇ ಆಯ್ತು. ಈಗ ತಂಗಿಯೇ ತನ್ನ ಲಿವರ್‌ನ ಭಾಗ ಕೊಡಲು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾಳೆ.

ತೈವಾನ್‌ನಲ್ಲಿ 2004ರಿಂದ ಮಲದ ಬಣ್ಣದ ಕಾರ್ಡ್ ಅನ್ನು ಪ್ರತಿ ತಾಯಿಗೂ ಕೊಡುತ್ತಿದ್ದಾರೆ. ಬಿಳಿ, ಬೂದಿ, ತಿಳಿ ಹಳದಿ ಕಂಡರೆ ಕೂಡಲೇ ತೋರಿಸಬೇಕು, ಅಷ್ಟೇ. ನಮ್ಮ ತಾಯಿ ಕಾರ್ಡ್‌ನಲ್ಲಿ ಇದಕ್ಕೆ ಒಂದು ಪುಟ ಕೊಡೋದು ಕಷ್ಟವಾ? ಆಶಾ ಕಾರ್ಯಕರ್ತೆಯರು ಹೇಗೂ 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ, ಎರಡೂ 60ರ ಒಳಗೇ ಇವೆ ಅಲ್ವಾ? ತೂಕ ನೋಡುವಾಗ ಮಗುವಿನ ಬಟ್ಟೆಯನ್ನೂ ನೋಡಲಿ. ಕಾಮಾಲೆ ಇನ್ನೂ ಇದ್ದರೆ ಬಿಸಿಲಿಗೆ ಹಿಡಿಯಿರಿ ಅನ್ನುವ ಬದಲು ಪಿತ್ತ ಹರಿಯದೆ ನಿಂತಿದೆಯಾ ಅಂತ ಸುಳಿವು ಕೊಡುವ ಡೈರೆಕ್ಟ್ ಬಿಲಿರುಬಿನ್ ರಕ್ತಪರೀಕ್ಷೆಗೆ ಅವತ್ತೇ ಕಳಿಸಲಿ. ಆರೋಗ್ಯ ಇಲಾಖೆಯವರು ಮುಂದಿನ ಸಲ ಕಾರ್ಡ್ ಅಚ್ಚು ಹಾಕಿಸುವ ಮೊದಲು ಇದನ್ನು ದಯವಿಟ್ಟು ಸೇರಿಸಬೇಕು.

– ಮಗುವಿನ ದೊಡ್ಡಮ್ಮ, ಹಾಸನ ಜಿಲ್ಲೆ