ಟ್ರೇಲರ್ ಕೊಂಡಿಗೆ ಬಣ್ಣವೊಂದೇ ಸಾಲದು

ಮಾನ್ಯರೇ,

ಕುಂಬಳೆ, ಮಂಜೇಶ್ವರ ಕಡೆ ಮಳೆಗಾಲಕ್ಕೆ ಮುಂಚೆ ಟ್ರೇಲರನ್ನು ಎಳೆಯುವ ಗಾಡಿಗೆ ಸಿಕ್ಕಿಸುವ ಕೊಂಡಿಯ ತುಕ್ಕಿನ ಮೇಲೆಯೇ ಬಣ್ಣ ಬಳಿಯುವವರಿದ್ದಾರೆ. ಅದು ದಂಡದ ಕೆಲಸ. ಕಡಲಗಾಳಿಯ ಉಪ್ಪು ಅಡಿಯಲ್ಲೇ ಉಳಿದು ತೇವ ಹೀರುತ್ತದೆ, ಬಣ್ಣ ಹಪ್ಪಳದ ಹಾಗೆ ಗುಳ್ಳೆಯೇಳುತ್ತದೆ. ಮೊದಲು ಸಿಹಿನೀರಲ್ಲಿ ತೊಳೆದು ಒಣಗಿಸಿ. ವೈರ್ ಬ್ರಶ್, ಆಮೇಲೆ 80 ನಂಬರಿನ ಎಮರಿ ಪೇಪರಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಥಿನ್ನರ್‌ನಲ್ಲಿ ಒರೆಸಿ ಎರಡು ಕೋಟು ಜಿಂಕ್ ಪ್ರೈಮರ್, ಅದರ ಮೇಲೆ ಎನಾಮಲ್.

ಕೊಂಡಿಗೆ ತೂರಿಸುವ ಪಿನ್ನಿಗೂ ಅದರ ತೂತಿಗೂ ಬಣ್ಣ ಬೇಡ, ಗ್ರೀಸು ಸಾಕು. ಆದರೆ ಹಳೆಯ ಗ್ರೀಸು ಒರೆಸದೆ ಹೊಸದು ಮೆತ್ತಿದರೆ ಅದರೊಳಗಿನ ಹೊಯಿಗೆ ಅರದಂತೆ ಕಬ್ಬಿಣ ತಿನ್ನುತ್ತದೆ. ನಡು ಸವೆದು ಸಪೂರವಾದ ಪಿನ್ನಿಗೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ, ಹೊಸದನ್ನೇ ಹಾಕಿ.

– ಕೃಷಿಯಂತ್ರ ರಿಪೇರಿಯವರು, ಕುಂಬಳೆ